ಬೀಗ ಹಾಕಿದ ಮನೆಯಲ್ಲಿ ಹತ್ತನೇ ಕ್ಲಾಸು

ಆ ವರ್ಷ ನನಗೆ ದತ್ತು ಬಂದ ಹುಡುಗಿ ತರಗತಿಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ದತ್ತು ಅಂದರೆ ಮನೆಗೆ ಕರೆತಂದು ಸಾಕುವುದಲ್ಲ. ಹತ್ತನೇ ತರಗತಿಯ ಮೊದಲ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ, ಪಾಸಾಗುವುದು ಅನುಮಾನ ಅನ್ನಿಸಿದ ಮಕ್ಕಳನ್ನು ನಮ್ಮ ಹೈಸ್ಕೂಲಿನಲ್ಲಿ ಶಿಕ್ಷಕರಿಗೆ ಹಂಚುತ್ತಾರೆ. ಅಲ್ಲಿಂದ ಮುಂದೆ ಆ ಮಗುವಿನ ಓದು, ನಿದ್ದೆ, ಹಾಜರಿ, ಹೆತ್ತವರ ಮನಸ್ಸು ಎಲ್ಲವೂ ಆ ಶಿಕ್ಷಕರ ತಲೆಯ ಮೇಲೆ. ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸಬೇಕು. ಮನೆಗೆ ಹೋಗಿ ನೋಡಿ ಬರಬೇಕು. ಫೇಲಾದರೆ ಯಾಕೆ ಎಂದು ಮೇಲಿನವರಿಗೆ ಉತ್ತರ ಕೊಡಬೇಕು.

ನಾನು ಕನ್ನಡ ಹೇಳಿಕೊಡುವವಳು. ಇರುವುದು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ. ಶಾಲೆ ಕ್ಯಾಸಂಬಳ್ಳಿಯಿಂದಲೂ ಆಚೆ, ಆಂಧ್ರದ ಕಡೆಗೆ. ಅಲ್ಲಿನ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಬೀದಿಯಲ್ಲಿ ಎರಡನ್ನೂ ಬೆರೆಸುತ್ತಾರೆ, ನನ್ನ ಪೀರಿಯಡ್ಡಿನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. “ಮಾತೃಭಾಷೆಯಲ್ಲೇ ಫೇಲಾಗ್ತಾರಲ್ರೀ” ಎಂದು ಫಲಿತಾಂಶದ ಸಭೆಗಳಲ್ಲಿ ನಮ್ಮನ್ನು ಎದ್ದು ನಿಲ್ಲಿಸಿ ಕೇಳುತ್ತಾರೆ. ಯಾರ ಮಾತೃಭಾಷೆ ಎಂದು ತಿರುಗಿ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹಿಂದಿನ ವರ್ಷ ನಮ್ಮ ಶಾಲೆಯ ಫಲಿತಾಂಶ ಇಳಿದಿತ್ತು. ಹಾಗಾಗಿ ಈ ವರ್ಷ ಬೇಸಿಗೆಯಿಂದಲೇ ಎಲ್ಲರ ಕುತ್ತಿಗೆಗೂ ಹಗ್ಗ ಬಿದ್ದಿತ್ತು. ಬಂಗಾರಪೇಟೆಯಿಂದ ದಿನಾ ಸ್ಕೂಟರಿನಲ್ಲಿ ಬರುವ ನಮ್ಮ ಹೆಡ್‌ಮಾಸ್ಟರು ಊಟದ ಡಬ್ಬಿ ತೆರೆಯುವಾಗಲೂ ಪಾಸು ಫೇಲಿನ ಮಾತನ್ನೇ ಆಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಹತ್ತಿರ ಬಂದಿದ್ದರು, ತಲೆ ತಗ್ಗಿಸಿಕೊಂಡು ಮನೆಗೆ ಹೋಗಲು ಇಷ್ಟವಿರಲಿಲ್ಲ, ಅಷ್ಟೆ.

ಪೋಷಕರ ಸಭೆಯಲ್ಲಿ ಅವರು ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಬಂದವರಲ್ಲಿ ಮುಕ್ಕಾಲು ಪಾಲು ತಾಯಂದಿರು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ತೂರಿಸಲಾಗದೆ ಪಕ್ಕಕ್ಕೆ ತಿರುಗಿ ಕೂತಿದ್ದರು. ಹೆಡ್‌ಮಾಸ್ಟರು ಟೇಬಲ್ ಕುಟ್ಟಿ ಹೇಳಿದರು: “ಪರೀಕ್ಷೆ ಮುಗಿಯೋವರೆಗೂ ಟಿವಿ ಬಂದ್. ಮೊಬೈಲ್ ಬಂದ್. ಮದುವೆ, ಗೃಹಪ್ರವೇಶ, ನೆಂಟರ ಮನೆ ಎಲ್ಲಾ ಬಂದ್. ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಮಕ್ಕಳು ಹೊಸಿಲು ದಾಟಬಾರದು. ತಿಳೀತಾ?”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ತೆಳ್ಳಗಿನ ಮೈ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

“ಸಾ, ನಾನು ಬೆಳಿಗ್ಗೇನೆ ಟಮಾಟ ಬಿಡ್ಸಕ್ಕೆ ಕೂಲಿಗೋದ್ರೆ ಬರೋದು ಒತ್ತು ಮುಣುಗಿದ್ ಮ್ಯಾಲೆ. ಅವ್ರಪ್ಪ ಕೋಲಾರದ ಮಂಡೀಲಿ ಲೋಡ್ ಒರೋದು, ಅಲ್ಲೇ ಮಲಗ್ತಾರೆ. ಮನ್ಯಾಗೆ ಯಾರೂ ಇರಲ್ಲ. ರಜದ್ ದಿನ ಎಂಗ್ ಇಡ್ಕಳದು ಇವ್ಳನ್ನ?”

“ಹೇಗಾದರೂ ಮಾಡಿ ಇಟ್ಕೊಳಿ ತಾಯಿ. ಅಷ್ಟು ಜವಾಬ್ದಾರಿ ನಿಮ್ಮದು” ಎಂದರು ಹೆಡ್‌ಮಾಸ್ಟರು. ಅವಳು ತಲೆಯಾಡಿಸಿ ಕೂತಳು. ನನಗೆ ದತ್ತು ಬಂದ ಹುಡುಗಿಯ ತಾಯಿ ಅವಳೇ.

ಮಾರನೇ ದಿನದಿಂದ ನನ್ನ ಫೋನು ಶುರುವಾಯಿತು. ಇನ್ನೂ ಕತ್ತಲಿರುವಾಗ ಎದ್ದು, ಅಡುಗೆಮನೆಯ ದೀಪ ಹಾಕಿ, ಅತ್ತೆಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಮಾತಾಡುತ್ತಿದ್ದೆ. ಆ ಕಡೆ ಯಾವಾಗಲೂ ತಾಯಿಯೇ ಎತ್ತುವುದು.

“ಎದ್ದವ್ಳೆ ಮೇಡಮ್ನೋರೆ. ಮಕ ತೊಳ್ಕಂಡು ಕೂತವ್ಳೆ.”

“ಅವಳ ಕೈಗೆ ಕೊಡಿ.”

“ಊಂ ಮಿಸ್” ಅನ್ನುವ ಒಂದು ಸಣ್ಣ ದನಿ. ಯಾವ ಪಾಠ ಅಂದರೆ ಪಾಠದ ಹೆಸರು, ಅರ್ಥವಾಯಿತಾ ಅಂದರೆ ಮತ್ತೆ ಊಂ. ಅಷ್ಟೇ ಮಾತು. ಫೋನಿಟ್ಟ ಮೇಲೆ ನಾನು ಅನ್ನಕ್ಕಿಡುತ್ತಿದ್ದೆ. ಅವಳು ನಿಜವಾಗಿ ಓದುತ್ತಿದ್ದಳೋ ಪುಸ್ತಕ ಹಿಡಿದು ತೂಕಡಿಸುತ್ತಿದ್ದಳೋ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಶಾಲೆಯಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ರಜೆ ಕಳೆದು ಬಂದ ದಿನ ಅವಳು ಪ್ರಾರ್ಥನೆ ಮುಗಿದ ಕೂಡಲೇ ನಲ್ಲಿಗೆ ಹೋಗಿ ಬೊಗಸೆಯೊಡ್ಡಿ ಕುಡಿಯುತ್ತಲೇ ಇರುತ್ತಿದ್ದಳು. ಮಧ್ಯಾಹ್ನ ತಲೆನೋವು ಅಂತ ಬೆಂಚಿಗೆ ಹಣೆ ಹಚ್ಚಿ ಮಲಗುತ್ತಿದ್ದಳು. ಬಿಸಿಲು ಜಾಸ್ತಿ, ಮೈಗೆ ಒಗ್ಗಿಲ್ಲ ಅಂದುಕೊಂಡೆ.

ಫೆಬ್ರವರಿಯ ಒಂದು ಭಾನುವಾರ ಮನೆ ಭೇಟಿಗೆಂದು ಹೊರಟೆ. ಭಾನುವಾರವೂ ಬಿಡುವಿಲ್ಲವಲ್ಲ ಎಂದು ಗಂಡ ಗೊಣಗಿದರು. ಬಸ್ಸಿಳಿದು ಕೇಳಿಕೊಂಡು ಹೋದರೆ ಊರ ಅಂಚಿನಲ್ಲಿ ಎರಡು ಕೋಣೆಯ ಸಣ್ಣ ಆರ್‌ಸಿಸಿ ಮನೆ. ಬಾಗಿಲಿಗೆ ದಪ್ಪದೊಂದು ಬೀಗ. ವಾಪಸ್ ತಿರುಗುವಷ್ಟರಲ್ಲಿ ಒಳಗಿನಿಂದ ಪಾತ್ರೆಯ ಸದ್ದು ಕೇಳಿತು.

ಪಕ್ಕದ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನನ್ನನ್ನು ನೋಡಿ, “ಯಾರಮ್ಮಾ, ಇಸ್ಕೂಲಿನೋರಾ? ಉಡ್ಗಿ ಒಳಗೇ ಅವ್ಳೆ. ಅವ್ರಮ್ಮ ಬೀಗ ಆಕ್ಕಂಡ್ ಓಗವ್ಳೆ” ಎಂದಳು, ಮಳೆ ಬಂದಿದೆ ಅನ್ನುವಷ್ಟು ಸಲೀಸಾಗಿ.

ಕಿಟಕಿಯ ಬಾಗಿಲು ತೆರೆಯಿತು. ಕಬ್ಬಿಣದ ಸರಳುಗಳ ಹಿಂದೆ ಆ ಹುಡುಗಿಯ ಮುಖ. ನನ್ನನ್ನು ನೋಡಿ ನಾಚಿಕೊಂಡಳು, ತಾನೇ ಏನೋ ತಪ್ಪು ಮಾಡಿದವಳ ಹಾಗೆ.

“ಯಾವಾಗಿಂದ ಹೀಗೆ?” ಎಂದೆ.

“ಮೀಟಿಂಗ್ ಆದ್ಮೇಲಿಂದ ಮಿಸ್. ಶಾಲೆ ಇರೋ ದಿನ ಇಲ್ಲ. ರಜ ಇದ್ರೆ ಮಾತ್ರ.”

“ನೀರು ಕುಡಿದ್ಯಾ?”

ಅವಳು ಕಣ್ಣನ್ನು ನನ್ನ ಹೆಗಲ ಮೇಲಿಂದ ಅಂಗಳದ ಕಡೆ ಹಾಯಿಸಿದಳು. ತಿರುಗಿ ನೋಡಿದೆ. ಅಂಗಳದ ಆಚೆ ಮೂಲೆಯಲ್ಲಿ ತಗಡಿನ ಬಾಗಿಲಿನ ಕಕ್ಕಸು. ಆಗ ನನಗೆ ನಲ್ಲಿಯ ನೀರು, ತಲೆನೋವು ಎಲ್ಲ ಒಟ್ಟಿಗೇ ಅರ್ಥವಾಯಿತು. ಬೆಳಗಿನಿಂದ ಸಂಜೆಯವರೆಗೆ ಆಚೆ ಹೋಗುವಂತಿಲ್ಲವೆಂದು ಅವಳು ನೀರನ್ನೇ ಬಿಟ್ಟಿದ್ದಳು. ಒಳಗೆ ಗ್ಯಾಸ್ ಒಲೆ ಇತ್ತು. ಏನಾದರೂ ಆದರೆ ಈ ಅಜ್ಜಿ ಬಾಗಿಲು ಒಡೆದಾಳೇ?

ಬೀಗ ಹಿಡಿದು ಎಳೆದೆ, ಬರುವುದಿಲ್ಲವೆಂದು ತಿಳಿದೂ. ಏನು ಮಾಡಲಿ? ಬಂದ ಬಸ್ಸು ಹೋಗಿತ್ತು, ಮುಂದಿನದು ಬರಲು ಹೊತ್ತಿತ್ತು. ಅಜ್ಜಿ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಕಿಟಕಿಯ ಕೆಳಗಿಟ್ಟಳು. ಕೂತೆ. “ಪುಸ್ತಕ ತಗೊಂಡ್ಬಾ” ಎಂದೆ.

ಪತ್ರ ಬರೆಯುವುದನ್ನು ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ಅದಕ್ಕೆ ಖಚಿತವಾಗಿ ಅಂಕ ಬರುತ್ತದೆ. ಇಂದ, ಗೆ, ಮಾನ್ಯರೆ, ವಿಷಯ. ಅವಳು ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ಬರೆದಳು. ಅವಳ ಗಂಟಲಿಂದ ಊಂ ಬಿಟ್ಟು ಬೇರೆ ಮಾತು ಬಂದದ್ದು ಅವತ್ತೇ. ಗಟ್ಟಿಯಾಗಿ ಓದು ಅಂದಾಗ ಇದ್ದಕ್ಕಿದ್ದಂತೆ ಹೆಡ್‌ಮಾಸ್ಟರ ದನಿ ತೆಗೆದು, ಅವರ ಹಾಗೇ ಪ್ರತಿ ಮಾತಿನ ಕೊನೆಗೆ “ತಿಳೀತಾ?” ಸೇರಿಸಿ ಓದಿದಳು. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಅಜ್ಜಿಯೂ ಕಾಯಿ ಬಿಟ್ಟು ಈ ಕಡೆ ನೋಡಿದಳು. ನಾನೂ ನಕ್ಕುಬಿಟ್ಟೆ. ನಗುವಾಗ ಸರಳು ಹಿಡಿದುಕೊಂಡಿದ್ದೆ.

ಸಂಜೆ ತಾಯಿಗೆ ಫೋನ್ ಮಾಡಿ ಕೂಗಾಡಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, “ಕೂಲಿ ಬಿಟ್ಟು ಮನೇಲಿ ಕೂರಕ್ಕಾಗಲ್ಲ ಮೇಡಮ್ನೋರೆ. ಬಿಟ್ಟೋಗಕ್ಕೂ ಆಗಲ್ಲ. ಒಂದ್ ಕೆಲ್ಸ ಮಾಡಿ. ಬೀಗುದ್ದು ಇನ್ನೊಂದ್ ಕೀಲಿ ಐತೆ, ಪಾಪನ ಕೈಲಿ ಕಳಿಸ್ತೀನಿ, ನೀವ್ ಇಕ್ಕಳಿ. ನೀವ್ ಬಂದಾಗ ತೆಗೀರಿ, ಓಗುವಾಗ ಆಕ್ಬಿಟ್ಟು ಓಗಿ” ಎಂದಳು. ಸೋಮವಾರ ಹುಡುಗಿ ಕರ್ಚೀಪಿನಲ್ಲಿ ಸುತ್ತಿದ ಕೀಲಿಯನ್ನು ಸ್ಟಾಫ್ ರೂಮಿಗೆ ತಂದು ನನ್ನ ಮುಂದಿಟ್ಟಳು.

ನಾನು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

“ಮೇಲೆ ತಿಳಿಸೋಣವಾ ಸರ್?” ಎಂದೆ.

“ತಿಳಿಸಿದರೆ ನಾಲ್ಕು ಜನ ಜೀಪಿನಲ್ಲಿ ಬರ್ತಾರೆ. ಊರೆಲ್ಲ ಸೇರುತ್ತೆ. ಆ ತಾಯಿ ಮಾನ ಹೋಯ್ತು ಅಂತ ಹುಡುಗೀನ ಪರೀಕ್ಷೆಗೇ ಕಳಿಸ್ದೆ ಇದ್ರೆ?” ಎಂದರು. ಕನ್ನಡಕ ಹಾಕಿಕೊಂಡು ಅವರೇ, “ಓದೋ ರಜೆಯಲ್ಲಿ ಶಾಲೆ ತೆಗೆದಿಡೋಣ. ಮನೇಲಿ ಜಾಗ ಇಲ್ಲದ ಮಕ್ಕಳು ಬಂದು ಕೂತು ಓದಲಿ. ನಾನೇ ಬಂದು ಬೀಗ ತೆಗೀತೀನಿ” ಎಂದರು.

ಹಾಗೆ ರಜೆಯ ಮೊದಲ ದಿನ ನಾನು ಬಸ್ಸಿಳಿದು ನೇರವಾಗಿ ಆ ಮನೆಗೆ ಹೋಗಿ ಬಾಗಿಲು ತೆಗೆದೆ. ಹುಡುಗಿ ಅಂಗಳ ದಾಟಿ ಕಕ್ಕಸಿಗೆ ಓಡಿಹೋಗಿ ಬಂದಳು. ಇಬ್ಬರೂ ಶಾಲೆಗೆ ನಡೆದೆವು. ಅಲ್ಲಿ ಬೇರೆ ಮಕ್ಕಳೂ ಬಂದಿದ್ದರು. ಹುಣಸೆ ಮರದ ಕೆಳಗೆ ಗಣಿತದ ಮೇಷ್ಟ್ರು ರೇಖಾಗಣಿತ ಬಿಡಿಸಿದರು, ಹೆಡ್‌ಮಾಸ್ಟರು ಬಂಗಾರಪೇಟೆಯಿಂದ ಕಟ್ಟಿಸಿಕೊಂಡು ಬಂದ ಬನ್ನು ಹಂಚಿದರು. ಸಂಜೆ ಅವಳನ್ನು ಮನೆಗೆ ಬಿಡಲು ಹೋದೆ. ಅವಳು ಸಾಕಿದ ಮೇಕೆಯ ಹಾಗೆ ಒಳಗೆ ಹೋಗಿ, ತಾನೇ ಬಾಗಿಲನ್ನು ಮುಂದಕ್ಕೆ ತಳ್ಳಿದಳು. ನಾನು ಬೀಗ ಹಾಕಲಿ ಎಂದು.

ಬೀಗ ನನ್ನ ಕೈಯಲ್ಲಿತ್ತು. ಹಾಕಲಾಗಲಿಲ್ಲ. ಹಾಕದೆ ಬಿಟ್ಟು ಹೋದರೆ ತಾಯಿಗೆ ಕೊಟ್ಟ ಮಾತು ತಪ್ಪುತ್ತದೆ. ಬಾಗಿಲು ಮತ್ತೆ ತೆರೆದು ಹೊಸಿಲ ಮೇಲೆ ಕೂತೆ. ನನ್ನ ಬಸ್ಸು ಬಂದು ತಿರುಗಿ ಹೋದ ಸದ್ದು ಅಲ್ಲಿಂದಲೇ ಕೇಳಿಸಿತು.

ಹೊತ್ತು ಮುಳುಗಿದ ಮೇಲೆ ತಾಯಿ ಬಂದಳು. ನನ್ನನ್ನು ಕಂಡು ಗಾಬರಿಯಾದಳು. “ಏನಾಯ್ತು ಮೇಡಮ್ನೋರೆ?”

“ಏನೂ ಆಗಿಲ್ಲ. ಬೀಗ ಹಾಕೋಕೆ ನನ್ನ ಕೈಲಿ ಆಗಲಿಲ್ಲ.”

ಅವಳು ನೀರಿನ ತೊಟ್ಟಿಯ ಹತ್ತಿರ ಕೂತು ಕೈ ಉಜ್ಜತೊಡಗಿದಳು. ಟೊಮೇಟೊ ಗಿಡದ ಅಂಟು ಅಂಗೈಯಲ್ಲಿ ಹಸಿರುಗಪ್ಪಾಗಿ ಕೂತಿತ್ತು. ಸೋಪು ಹಾಕಿದರೆ ನೊರೆಯೂ ಹಸಿರಾಯಿತು. ಕೈ ಉಜ್ಜುತ್ತಲೇ ಮಾತಾಡಿದಳು.

“ನಾನು ಇವ್ಳನ್ನ ಜೈಲಲ್ಲಿ ಇಕ್ಕಿದೀನಿ ಅಂತ ನಿಮ್ ಮನ್ಸಲ್ಲಿ. ಇವ್ಳ್ಗಿಂತ ದೊಡ್ಡೋಳು ಒಬ್ಳವ್ಳೆ ನಂಗೆ. ಅವ್ಳೂ ಇದೇ ಇಸ್ಕೂಲು. ಅವ್ಳನ್ನ ಕಟ್ಟಾಕ್ಲಿಲ್ಲ, ಬೀಗ ಆಕ್ಲಿಲ್ಲ. ರಜದಾಗೆ ಅವ್ರಿವ್ರ ಮನೆ ಟಿವಿ ಮುಂದೆ ಕೂತ್ಲು. ಲೆಕ್ಕದಾಗೆ ಫೇಲಾದ್ಲು. ಮನೇಲಿ ಕೂತೋಳಿಗೆ ಮದ್ವೆ ಮಾಡಿ ಮುಗಿಸ್ಬುಡಿ ಅಂದ್ರು ಎಲ್ರೂ. ಮಾಡ್ದೊ. ಈಗ ಆಂಧ್ರದ ವಿ ಕೋಟೆ ತಾವ ಅವ್ಳೆ. ನನ್ ಜೊತೆ ಟಮಾಟ ಬಿಡ್ಸೋರ ಪೈಕಿ ಅವ್ಳ ವಯಸ್ನೋರೇ ಜಾಸ್ತಿ. ಅವ್ರನ್ನ ನೋಡ್ದಾಗೆಲ್ಲ ಅವ್ಳೇ ಕಣ್ಮುಂದೆ ಬತ್ತಾಳೆ. ಇವ್ಳು ಆಚೆ ಓಗ್ಲಿ ಅಂತಾನೇ ಒಳಗ್ ಆಕೀನಿ ಮೇಡಮ್ನೋರೆ. ನಂಗೆ ಬ್ಯಾರೆ ಗೊತ್ತಾಗಲ್ಲ.”

“ನೀರು ಕುಡೀದೆ ಕೂತಿರ್ತಾಳೆ, ಗೊತ್ತಾ ನಿಮಗೆ?”

ಅವಳ ಕೈ ನಿಂತಿತು. ಮಗಳ ಕಡೆ ತಿರುಗಿ, “ಏನೇ ಪಾಪಾ, ನಿಜಾನಾ?” ಎಂದಳು. ಮಗಳು ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತಾ ನಿಂತಿದ್ದಳು.

ನನಗೆ ಹೋಗಲು ಬಸ್ಸಿಲ್ಲ ಎಂದು ತಾಯಿಯೇ ರಸ್ತೆಗೆ ಬಂದು ಕೆಜಿಎಫ್ ಕಡೆ ಹೊರಟಿದ್ದ ಟೊಮೇಟೊ ಟೆಂಪೋ ನಿಲ್ಲಿಸಿದಳು. ಡ್ರೈವರಿಗೆ, “ಅಣ್ಣಾ, ನಮ್ ಉಡ್ಗಿ ಮೇಡಂ, ಜೋಪಾನ” ಎಂದಳು. ಕ್ರೇಟುಗಳ ಭಾರಕ್ಕೆ ಗಾಡಿ ನರಳುತ್ತಾ ಹೋಗುತ್ತಿತ್ತು. ನನ್ನ ಪರ್ಸಿನಲ್ಲಿ ಆ ಮನೆಯ ಕೀಲಿ. ನಾಳೆ ಸಂಜೆ ಏನು ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ದಿನಾ ಹೀಗೆ ಕೂರಲಾಗದು, ನನಗೂ ಮನೆಯಿದೆ. ಮಂಡಿನೋವಿನ ಅತ್ತೆ, ಬೆಂಗಳೂರಿನ ರೈಲಿಳಿದು ಹಸಿದು ಬರುವ ಗಂಡ.

ಮಾರನೇ ಸಂಜೆ ಕೀಲಿಯನ್ನು ಹುಡುಗಿಯ ಕೈಗೆ ಕೊಟ್ಟೆ. “ಒಳಗಿಂದ ಚಿಲಕ ಹಾಕ್ಕೊ. ಬೇಕಾದಾಗ ತೆಗಿ. ಅಮ್ಮ ಬರೋವರೆಗೆ ಮನೇಲೇ ಇರು” ಎಂದು ಹೇಳಿ ಬಸ್ಸು ಹತ್ತಿದೆ.

ಬಸ್ಸು ಕ್ಯಾಸಂಬಳ್ಳಿ ದಾಟಿತ್ತು, ಫೋನು ಬಂತು. ತಾಯಿ. ಮಾತಿಗಿಂತ ಮುಂಚೆ ಅವಳ ಉಸಿರು ಕೇಳಿಸಿತು.

“ಮೇಡಂ, ಪಾಪ ಎಲ್ಲಿ? ಮನೆ ಬೀಗ ಆಕೈತೆ. ಒಳಗಿಲ್ಲ. ಕೂಗ್ದೆ, ಇಲ್ಲ. ನಿಮ್ ಜೊತೆ ಅವ್ಳಾ?”

“ಇಲ್ಲಮ್ಮ. ನಾನು ಮನೆಯಲ್ಲೇ ಬಿಟ್ಟು ಬಂದೆ.”

“ಕೀಲಿ?”

“ಅವಳ ಹತ್ತಿರವೇ ಇದೆ.”

ಆ ಕಡೆಯಿಂದ ಒಂದು ಕೂಗು, ಅಷ್ಟೆ. ಫೋನು ಕಟ್ಟಾಯಿತು. ಕಿಕ್ಕಿರಿದ ಬಸ್ಸಿನಲ್ಲಿ ನಾನು ಎದ್ದು ನಿಂತೆ. ಇಳಿದು ಏನು ಮಾಡಲಿ? ಹಿಂದಕ್ಕೆ ಹೋಗುವ ಬಸ್ಸಿಲ್ಲ. ಹೆಡ್‌ಮಾಸ್ಟರು ಆಗಲೇ ಬಂಗಾರಪೇಟೆ ಸೇರಿರುತ್ತಾರೆ. ಕೂತುಕೊಂಡೆ. ಮತ್ತೆ ಎದ್ದೆ. ಕಂಡಕ್ಟರು, “ಏನ್ ಮೇಡಂ, ಸ್ಟಾಪ್ ಬಿಟ್ರಾ?” ಎಂದ. ಕಿಟಕಿಯ ಹೊರಗೆ ಚಿನ್ನದ ಗಣಿಯ ಸಯನೈಡ್ ಮಣ್ಣಿನ ದಿಬ್ಬಗಳು ಕತ್ತಲಲ್ಲಿ ಕರಗುತ್ತಿದ್ದವು, ಬಸ್ಸು ನನ್ನನ್ನು ಆ ಹುಡುಗಿಯಿಂದ ದೂರ ದೂರ ಒಯ್ಯುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ದಾರಿಯನ್ನು ನಾನು ಸವೆಸಿಲ್ಲ. ತಾಯಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಊರುಗಾಂ ಹತ್ತಿರ ಬರುವಾಗ ಎತ್ತಿದಳು.

“ಸಿಕ್ಕವ್ಳೆ” ಎಂದಳು. ಹಿಂದೆ ಹುಡುಗಿ ಬಿಕ್ಕುವುದು ಕೇಳುತ್ತಿತ್ತು. “ಮೇನ್ ರೋಡ್ ತಾವ ನಿಂತಿದ್ಲಂತೆ. ನಾ ಟೆಂಪೋ ಇಳ್ದಾಗ ನನ್ ಜೊತೆ ನಡ್ಕಂಡ್ ಬರಣ ಅಂತ. ಇವತ್ತು ನಾವು ಕೆರೆ ಕಡೆಯಿಂದ ಬಂದೊ. ಒಡ್ದೆ ಮೇಡಂ. ಒಡ್ಬುಟ್ಟೆ.” ಆಮೇಲೆ ಅವಳೇ ಅತ್ತಳು. ನಾನು ಸಮಾಧಾನ ಹೇಳಲು ಹೊರಟರೆ, “ನೀವ್ ಯಾಕ್ ಕೀಲಿ ಕೊಟ್ರಿ ಮೇಡಂ?” ಎಂದು ಕೇಳಿ ಫೋನಿಟ್ಟಳು.

ಬೆಳಿಗ್ಗೆ ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಹೋಗಿ ನೋಡಿದರೆ ಬಾಗಿಲಿಗೆ ಹೊಸ ಬೀಗ, ಅಂಗಡಿಯ ಎಣ್ಣೆ ಇನ್ನೂ ಮಿರುಗುತ್ತಿತ್ತು. ಹುಡುಗಿ ಕಿಟಕಿಗೆ ಬಂದಳು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು. “ಮನೇಲೇ ಇರು ಅಂದಿದ್ರಿ ಮಿಸ್. ನಾನೇ ಆಚೆ ಓದೆ. ಒಂದ್ ಸಾರಿ ರೋಡಲ್ಲಿ ನಡೀಬೇಕು ಅನ್ನುಸ್ತು” ಎಂದಳು.

ಅಜ್ಜಿ ಸ್ಟೂಲು ತಂದಿಟ್ಟಳು.

ಅವತ್ತಿನಿಂದ ಪರೀಕ್ಷೆಯವರೆಗೂ ನಮ್ಮ ಶಾಲೆ ಆ ಕಿಟಕಿಗೆ ಬಂತು. ಬೇರೆ ಮಕ್ಕಳು ಹುಣಸೆ ಮರದ ಕೆಳಗೆ, ಇವಳು ಸರಳಿನ ಹಿಂದೆ. ಬೆಳಿಗ್ಗೆ ನಾನು, ಮಧ್ಯಾಹ್ನ ಗಣಿತದ ಮೇಷ್ಟ್ರು. ಅವರು ಬೈಕಿನ ಮೇಲೇ ಕೂತು, ಪೆಟ್ರೋಲ್ ಟ್ಯಾಂಕಿನ ಮೇಲೆ ಹಾಳೆಯಿಟ್ಟು ಲೆಕ್ಕ ಬಿಡಿಸಿ ಸರಳಿನ ನಡುವೆ ತೂರಿಸುತ್ತಿದ್ದರು. ಬೀದಿಯ ಹೆಂಗಸರು ಮೊದಮೊದಲು ನಿಂತು ನೋಡುತ್ತಿದ್ದರು, ಆಮೇಲೆ ಅದೂ ಅಭ್ಯಾಸವಾಯಿತು. ನನಗೆ ಮಾತ್ರ ಅಭ್ಯಾಸವಾಗಲಿಲ್ಲ. ಆ ಸ್ಟೂಲಿನ ಮೇಲೆ ಕೂತು ಸಂಧಿ ಸಮಾಸ ಹೇಳಿಕೊಡುವಾಗ, ಈ ಬೀಗಕ್ಕೆ ನಾವೂ ಒಪ್ಪಿದ್ದೇವಲ್ಲ, ಕಿಟಕಿಯಲ್ಲಿ ಪಾಠ ನಡೆದರೆ ಬಾಗಿಲು ಹಾಗೇ ಇರಬಹುದು ಅಂತಾಯಿತಲ್ಲ ಅನ್ನಿಸುತ್ತಿತ್ತು. ಎದ್ದು ಹೋದರೆ ಹುಡುಗಿ ಒಂಟಿ. ಕೂತರೆ ಹೀಗೆ.

ಒಂದು ಸಂಜೆ ಹೆಡ್‌ಮಾಸ್ಟರು ಮನೆಗೆ ಹೋಗದೆ ನನ್ನ ಜೊತೆ ಬಂದರು. ತಾಯಿ ಬರುವವರೆಗೂ ಅಂಗಳದಲ್ಲಿ ನಿಂತೇ ಇದ್ದರು. ಅವಳು ಬಂದು, ಅವರನ್ನು ನೋಡಿ, ಸೆರಗು ಹೊದ್ದುಕೊಂಡಳು.

“ತಾಯಿ, ಅವತ್ತು ನಾನು ಹೇಳಿದ್ದು ಬೀಗ ಹಾಕಿ ಅಂತ ಅಲ್ಲ” ಎಂದರು.

“ಒಸ್ಲು ದಾಟ್ಬಾರ್ದು ಅಂದ್ರಲ್ಲಾ ಸಾ. ಎಂಗಾದ್ರೂ ಮಾಡಿ ಅಂದ್ರಿ. ನಂಗೆ ಎಂಗಾಯ್ತೋ ಅಂಗ್ ಮಾಡ್ದೆ.”

ಹೆಡ್‌ಮಾಸ್ಟರು ಅಷ್ಟು ಚಿಕ್ಕವರಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಕೈ ಮುಗಿದು, “ಮಧ್ಯಾಹ್ನ ಒಂದ್ಸಲ, ಬೆಳಿಗ್ಗೆ ಒಂದ್ಸಲ ಬಾಗಿಲು ತೆಗೆಯೋಕಾದರೂ ಪಕ್ಕದ ಅಜ್ಜಿ ಹತ್ರ ಒಂದು ಕೀಲಿ ಕೊಡಿ. ನನ್ನ ಮಗಳು ಅಂತ ಕೇಳ್ತೀನಿ” ಎಂದರು.

ತಾಯಿಗೂ ಅಜ್ಜಿಗೂ ಬಚ್ಚಲ ನೀರಿನ ವಿಷಯಕ್ಕೆ ಮಾತು ಬಿಟ್ಟು ಬಹಳ ಕಾಲವಾಗಿತ್ತಂತೆ. ಅದು ನಮಗೆ ಆಗಲೇ ಗೊತ್ತಾದದ್ದು. ತಾಯಿ ಸೊಂಟದಿಂದ ಕೀಲಿ ಬಿಚ್ಚಿ ಅಜ್ಜಿಯ ಜಗಲಿಯ ಮೇಲಿಟ್ಟು, ಅವಳ ಮುಖ ನೋಡದೆ ಹೇಳಿದಳು: “ಎಲ್ಡು ಸಾರಿ. ಅಷ್ಟೇಯ. ಕಕ್ಕಸ್ಗೆ ಓಗಿ ಬಂದ್ಮೇಲೆ ಆಕ್ಬುಡು.”

“ಕೊಡವ್ವ, ನಾನೇನು ನುಂಗ್ತೀನಾ ಅವ್ಳನ್ನ” ಎಂದಳು ಅಜ್ಜಿ.

ಅಷ್ಟು ಸಿಕ್ಕಿತು ನಮಗೆ. ಅದಕ್ಕಿಂತ ಹೆಚ್ಚು ಸಿಗಲಿಲ್ಲ. ಹುಡುಗಿ ನೀರು ಕುಡಿಯತೊಡಗಿದಳು.

ಪರೀಕ್ಷೆ ಕ್ಯಾಸಂಬಳ್ಳಿಯಲ್ಲಿತ್ತು. ಮೊದಲ ದಿನ ಕನ್ನಡ. ನಮ್ಮ ಮಕ್ಕಳನ್ನು ಒಳಗೆ ಕಳಿಸಲು ನಾನು ಗೇಟಿನ ಹತ್ತಿರ ನಿಂತಿದ್ದೆ. ತಾಯಿ ಕೂಲಿ ಬಿಟ್ಟು ಮಗಳ ಜೊತೆ ಬಂದಿದ್ದಳು, ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನನ್ನನ್ನು ಮಾತಾಡಿಸಲಿಲ್ಲ. ಹುಡುಗಿ ಒಳಗೆ ಹೋದ ಮೇಲೆ ಪೊಲೀಸರು ಎಲ್ಲರನ್ನೂ ದೂರ ಕಳಿಸಿದರು. ಉಳಿದ ತಾಯಂದಿರು ಹೊಂಗೆ ಮರದ ನೆರಳಿಗೆ ಹೋದರೆ ಇವಳು ಬಿಸಿಲಲ್ಲೇ, ಗೇಟು ಕಾಣುವ ಕಡೆ ಕೂತಳು. ನಾನು ಎಳನೀರು ಕೊಂಡು ತಂದುಕೊಟ್ಟೆ. ಮೊದಲು ಬೇಡ ಅಂದಳು. ಆಮೇಲೆ ಅರ್ಧ ಕುಡಿದು ಬುರುಡೆಯನ್ನು ನನ್ನ ಕೈಗಿಟ್ಟು, “ಕುಡೀರಿ, ನಿಮ್ ಮಕಾನೂ ಬಾಡೈತೆ” ಎಂದಳು.

ಕನ್ನಡದಲ್ಲಿ ಹುಡುಗಿ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಪಾಸಾದಳು. ಗಣಿತ ಹೋಯಿತು, ಸ್ವಲ್ಪದರಲ್ಲೇ. ಫಲಿತಾಂಶ ನೋಡಿದಾಗ ನನಗೆ ಮೊದಲು ನೆನಪಾದದ್ದು ಅಕ್ಕನ ಮದುವೆ. ಗಣಿತದ ಮೇಷ್ಟ್ರೂ ನಾನೂ ಅವತ್ತೇ ಓಡಿದೆವು. ತಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಒಂದೇ ಮಾತು ಅಂದಳು: “ಬೀಗ ಆಕಿದ್ರೂ ಇಂಗಾಯ್ತು.”

“ಎರಡನೇ ಪರೀಕ್ಷೆ ಈಗಲೇ ಇದೆ ಅಮ್ಮ. ವರ್ಷ ಕಾಯೋದು ಬೇಡ. ಈಗಿನ ನಿಯಮ” ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಅವಳಿಗೆ ನಂಬಿಕೆ ಬರಲು ಹೊತ್ತು ಹಿಡಿಯಿತು. ಫೇಲಾದವಳಿಗೆ ಆ ವರ್ಷವೇ ಇನ್ನೊಂದು ಬಾಗಿಲಿರುತ್ತದೆ ಅನ್ನುವುದನ್ನು ಅವಳು ಕೇಳಿಯೇ ಇರಲಿಲ್ಲ. ನಾವು ಸಭೆಯಲ್ಲಿ ಹೇಳಿಯೂ ಇರಲಿಲ್ಲ. ಹೇಳಿದರೆ ಮಕ್ಕಳು ಮೈಮರೆಯುತ್ತಾರೆ ಎಂದು ಮೇಲಿನಿಂದ ಮಾತಿತ್ತು.

ಆ ಬೇಸಿಗೆಯಲ್ಲಿ ತಾಯಿ ಮಗಳನ್ನು ಶಾಲೆಗೆ ಕಳಿಸಿದಳು. ಬೀಗ ಬಿಟ್ಟಳೆಂದಲ್ಲ, ದಿನಾ ಬೆಳಿಗ್ಗೆ ಮೇಷ್ಟ್ರು ಬೈಕಿನಲ್ಲಿ ತಮ್ಮ ಹೆಂಡತಿಯನ್ನೂ ಕೂರಿಸಿಕೊಂಡು ಬಂದು ಕರೆದೊಯ್ಯಬೇಕೆಂಬ ಷರತ್ತಿನ ಮೇಲೆ. ಅವರ ಹೆಂಡತಿ ಪಾಠ ಮುಗಿಯುವವರೆಗೂ ಶಾಲೆಯ ಜಗಲಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಹುಡುಗಿ ಎರಡನೇ ಸಲ ಗಣಿತ ದಾಟಿದಳು. ನಮ್ಮ ಶಾಲೆಯ ಫಲಿತಾಂಶದ ಸಭೆಯಲ್ಲಿ ಅದು ಲೆಕ್ಕಕ್ಕೆ ಬರಲಿಲ್ಲ, ಮೊದಲ ಪರೀಕ್ಷೆಯದು ಮಾತ್ರ ನೋಡಿದರು. ದತ್ತು ಮಗು ಫೇಲೆಂದು ನಾನು ಮತ್ತೆ ಎದ್ದು ನಿಂತೆ.

ಈಗ ಅವಳು ಬಂಗಾರಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಬಸ್‌ಪಾಸು ಇದೆ. ತಾಯಿ ಹೋಗುವ ಬಸ್ಸು, ಬರುವ ಬಸ್ಸು ಎರಡನ್ನೂ ಗೊತ್ತುಮಾಡಿಟ್ಟಿದ್ದಾಳೆ. ಈಚೆಗೊಮ್ಮೆ ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಎತ್ತರವಾಗಿದ್ದಾಳೆ. ಜೊತೆಯ ಹುಡುಗಿಯರನ್ನು ಬಿಟ್ಟು ನನ್ನ ಕಡೆ ಬಂದು, “ಮಿಸ್, ಕಾಲೇಜಲ್ಲಿ ಟೂರ್ ಮಾಡ್ತವ್ರೆ. ಮೈಸೂರ್ಗೆ. ಅಮ್ಮ ನೀವ್ ಏಳಿದ್ರೆ ಕೇಳ್ತಾಳೆ” ಎಂದಳು.

ಅಲ್ಲೇ ನಿಂತು ಫೋನ್ ಮಾಡಿದೆ. ತಾಯಿ ಪ್ರೀತಿಯಿಂದಲೇ ಮಾತಾಡಿದಳು, ಮನೆಯವರ ಯೋಗಕ್ಷೇಮ ಕೇಳಿದಳು. ವಿಷಯ ಕೇಳಿದ ಮೇಲೆ, “ಕಳಿಸ್ತೀನಿ ಮೇಡಮ್ನೋರೆ, ಅದಕ್ಕೇನು. ನೀವೂ ಓಗ್ತೀರಲ್ಲ ಜೊತೇಲಿ?” ಎಂದಳು.

“ಅದು ಅವಳ ಕಾಲೇಜಮ್ಮ. ನಾನು ಹೇಗೆ ಹೋಗ್ಲಿ?”

“ಅಂಗಾದ್ರೆ ಮುಂದಿನ್ ವರ್ಷ ನೋಡಣ ಬುಡಿ.”

ಹುಡುಗಿಗೆ ಹೇಳಬೇಕಾಗಲಿಲ್ಲ, ನನ್ನ ಮುಖ ನೋಡಿಯೇ ತಿಳಿಯಿತು. ಅವಳು ಆ ಟೂರಿಗೆ ಹೋಗಲಿಲ್ಲ. ಆದರೆ ಅವತ್ತು ಬಸ್ಸು ಹತ್ತುವ ಮುಂಚೆ ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡು, ನಗುತ್ತಲೇ ಒಂದು ಮಾತು ಹೇಳಿದಳು: “ಮುಂದಿನ್ ವರ್ಷ ಅಮ್ಮನ್ನ ಕೇಳಕ್ಕೆ ಓಗಲ್ಲ ಮಿಸ್. ಓಗ್ತೀನಿ ಅಂತ ಏಳ್ಬುಟ್ಟು ಓಗ್ತೀನಿ.”

ಬೇಡ ಅನ್ನಬೇಕೋ ಹೋಗು ಅನ್ನಬೇಕೋ ನನಗೆ ತೋಚಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟಿತು.